ಸಾವಯವ ಎಂಬುದು ಹೊಲದ ಮಾತು, ಮಗುವಿನ ಮೈಯ ಮಾತು ಬೇರೆ

ಪ್ರಶ್ನೆ: ನನಗೆ ಈಗ ಏಳು ತಿಂಗಳು. ಹುಟ್ಟಲಿರುವ ಮಗುವಿಗೆ ಸಾವಯವ ಹತ್ತಿಯ, ಸಾಧ್ಯವಾದರೆ ಫೇರ್ ಟ್ರೇಡ್ ಬಟ್ಟೆಗಳನ್ನೇ ಕೊಳ್ಳಬೇಕೆಂಬ ಆಸೆ. ಆದರೆ ಒಂದೊಂದು ಬಟ್ಟೆಯ ಮೇಲೆ ಒಂದೊಂದು ಮುದ್ರೆ ಇರುತ್ತದೆ. ಯಾವುದನ್ನು ನಂಬಬೇಕು? ಬಿದಿರಿನ ಬಟ್ಟೆ ಹತ್ತಿಗಿಂತ ಒಳ್ಳೆಯದೇ? ನಾಲ್ಕು ವರ್ಷದ ಮೊದಲ ಮಗಳಿಗೆ ಮೊಣಕೈ ಮಡಿಕೆಯಲ್ಲಿ ಆಗಾಗ ತುರಿಕೆ ಏಳುತ್ತದೆ, ಸಾವಯವ ಬಟ್ಟೆಯಿಂದ ಅದು ಕಡಿಮೆಯಾದೀತೇ? ಅಕ್ಕ ತನ್ನ ಮಗುವಿನ ಹಳೆಯ ಬಟ್ಟೆಗಳ ಒಂದು ಪೆಟ್ಟಿಗೆ ಕೊಟ್ಟಿದ್ದಾಳೆ. ಅವು ಸಾವಯವ ಅಲ್ಲ. ಬಳಸಲೇ, ಬೇಡವೇ?

ಉತ್ತರ: ಅಕ್ಕ ಕೊಟ್ಟ ಪೆಟ್ಟಿಗೆಯನ್ನು ಸದ್ಯಕ್ಕೆ ಯಾರಿಗೂ ದಾಟಿಸಿಬಿಡಬೇಡಿ. ಅದರ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಹೊಲದಿಂದ ಹೊರಟ ಹತ್ತಿ ಒಂದು ಪುಟ್ಟ ಅಂಗಿಯಾಗಿ ನಿಮ್ಮ ಕೈಗೆ ಬರುವ ಹೊತ್ತಿಗೆ ಬೀಜ ಬೇರ್ಪಡಿಸುವ ಜಿನ್ನಿಂಗ್ ಗಿರಣಿ, ನೂಲಿನ ಗಿರಣಿ, ಹೆಣಿಗೆಯ ಯಂತ್ರ, ಬಣ್ಣದ ಕಾರ್ಖಾನೆ, ಕತ್ತರಿಸಿ ಹೊಲಿಯುವ ಘಟಕ ಎಲ್ಲವನ್ನೂ ದಾಟಿರುತ್ತದೆ. ‘ಸಾವಯವ’ ಎಂಬ ಪದ ಈ ದಾರಿಯ ಮೊದಲ ಹೆಜ್ಜೆಯ ಬಗ್ಗೆ ಮಾತ್ರ ಹೇಳುತ್ತದೆ: ಆ ಹೊಲಕ್ಕೆ ರಾಸಾಯನಿಕ ಗೊಬ್ಬರ ಹಾಕಿಲ್ಲ, ಕೃತಕ ಕೀಟನಾಶಕ ಸಿಂಪಡಿಸಿಲ್ಲ, ಕುಲಾಂತರಿ ಬೀಜ ಬಿತ್ತಿಲ್ಲ. ‘ಫೇರ್ ಟ್ರೇಡ್’, ಅಂದರೆ ನ್ಯಾಯಯುತ ವ್ಯಾಪಾರ, ಆ ದಾರಿಯಲ್ಲಿ ದುಡಿದ ಕೈಗಳ ಬಗ್ಗೆ ಹೇಳುತ್ತದೆ. ಅದೂ ಎಲ್ಲ ಕೈಗಳ ಬಗ್ಗೆ ಅಲ್ಲ. ಮಗುವಿನ ಮೈಗೆ ಏನು ತಗಲುತ್ತದೆ ಎಂಬುದು ಬಹುಪಾಲು ನಿರ್ಧಾರವಾಗುವುದು ಇವೆರಡರ ನಡುವೆ, ಬಣ್ಣದ ಕಾರ್ಖಾನೆಯಲ್ಲಿ. ಹೀಗಾಗಿ ಯಾವ ಮುದ್ರೆ ಕಂಡರೂ ನಾನು ಕೇಳುವ ಪ್ರಶ್ನೆ ಒಂದೇ: ಇದು ಯಾವ ಬಾಗಿಲಲ್ಲಿ ಕಾವಲು ನಿಂತಿತ್ತು?

ಸಾಮಾನ್ಯ ಹತ್ತಿಯ ಅಂಗಿಯಲ್ಲಿ ಕೀಟನಾಶಕ ತುಂಬಿರುತ್ತದೆ, ಅದು ಮಗುವಿನ ಚರ್ಮಕ್ಕೆ ಇಳಿಯುತ್ತದೆ ಎಂಬ ಹೆದರಿಕೆಯನ್ನು ಮಾರಾಟಗಾರರು ಚೆನ್ನಾಗಿ ಸಾಕಿ ಬೆಳೆಸಿದ್ದಾರೆ. ವಸ್ತುಸ್ಥಿತಿ ಬೇರೆ. ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ಹತ್ತಿಯ ಮೇಲಿನ ಮೇಣ, ಜಿಡ್ಡು ಹೋಗಬೇಕು. ಅದಕ್ಕಾಗಿ ಬಟ್ಟೆಯನ್ನು ಕ್ಷಾರದ ನೀರಿನಲ್ಲಿ ಬೇಯಿಸುತ್ತಾರೆ, ಬಿಳುಪು ಮಾಡುತ್ತಾರೆ, ಮತ್ತೆ ಮತ್ತೆ ತೊಳೆಯುತ್ತಾರೆ. ಇಷ್ಟೂ ಸ್ನಾನಗಳನ್ನು ದಾಟಿ ಹೊಲದ ಕೀಟನಾಶಕ ಅಂಗಿಯಲ್ಲಿ ಹೇಳಿಕೊಳ್ಳುವಷ್ಟು ಉಳಿಯುವುದು ಅಪರೂಪ. ಅದರ ನಿಜವಾದ ಪೆಟ್ಟು ಬೀಳುವುದು ಬೆನ್ನಿಗೆ ಡಬ್ಬ ಕಟ್ಟಿಕೊಂಡು ಸಿಂಪಡಿಸುವವನ ಉಸಿರಿಗೆ, ಹೊಲದ ಅಂಚಿನ ಬಾವಿಗೆ, ಆ ಮನೆಯ ಮಕ್ಕಳಿಗೆ. ಸಾವಯವ ಹತ್ತಿ ಕೊಳ್ಳಲು ನನಗೆ ಈ ಕಾರಣವೇ ಸಾಕು. ನನ್ನ ಮೊಮ್ಮಗನಿಗೆ ಕೊಂಡದ್ದೂ ಅದಕ್ಕೇ. ಆದರೆ ‘ಸಾವಯವ’ ಎಂದು ಬರೆದಿದೆ, ಆದ್ದರಿಂದ ಮಗುವಿನ ಚರ್ಮಕ್ಕೆ ಸುರಕ್ಷಿತ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸಾವಯವ ಹತ್ತಿಗೂ ಕೆಟ್ಟ ಬಣ್ಣ ಹಾಕಬಹುದು.

ಬಣ್ಣದ ಕಾರ್ಖಾನೆಯಲ್ಲಿ ಏನೇನು ಸೇರುತ್ತದೆ ಎಂದು ನೋಡೋಣ. ಅಜೋ ಎಂಬುದು ಕೃತಕ ಬಣ್ಣಗಳ ಒಂದು ದೊಡ್ಡ ಗುಂಪು. ಅದರಲ್ಲಿ ಕೆಲವು ಒಡೆದಾಗ ಕ್ಯಾನ್ಸರ್ ತರಬಲ್ಲ ಅಮೀನು ಎಂಬ ರಾಸಾಯನಿಕಗಳು ಹೊರಬರುತ್ತವೆ. ಜರ್ಮನಿ 1990ರ ದಶಕದಲ್ಲೇ ಇವುಗಳನ್ನು ನಿಷೇಧಿಸಿತು, ಯುರೋಪಿನ ಒಕ್ಕೂಟ 2002ರಲ್ಲಿ ನಿರ್ದೇಶನ ಹೊರಡಿಸಿತು. ‘ಅಜೋ ಮುಕ್ತ’ ಎಂದು ಹೆಮ್ಮೆಯಿಂದ ಬರೆದುಕೊಂಡ ಅಂಗಿ ಕಂಡರೆ ನನಗೆ ನಗು ಬರುತ್ತದೆ, ಏಕೆಂದರೆ ಅಜೋ ಬಣ್ಣಗಳೆಲ್ಲವೂ ಅಪಾಯಕಾರಿ ಅಲ್ಲ, ಅಪಾಯಕಾರಿಯಾದವು ಹಲವು ಕಡೆ ಕಾನೂನುಬಾಹಿರವೇ ಆಗಿವೆ. ಕಳ್ಳತನ ಮಾಡಿಲ್ಲ ಎಂದು ಬೋರ್ಡು ಹಾಕಿಕೊಂಡ ಹಾಗೆ. ಎರಡನೆಯದು ಫಾರ್ಮಾಲ್ಡಿಹೈಡ್, ಚರ್ಮ ಕೆರಳಿಸುವ ಒಂದು ರಾಸಾಯನಿಕ. ಸುಕ್ಕಾಗದ, ಇಸ್ತ್ರಿ ಬೇಡದ ಬಟ್ಟೆಗೆ ಕೊಡುವ ಲೇಪನದಲ್ಲಿ ಇದು ಇರುತ್ತದೆ. ಮಗುವಿನ ಬಟ್ಟೆ ಸುಕ್ಕಾಗಲಿ ಬಿಡಿ, ಸುಕ್ಕಾಗುವ ಹತ್ತಿಯೇ ನಮಗೆ ಬೇಕಾದದ್ದು. ಮೂರನೆಯದು ನೀರು ಹಿಡಿಯದ ಮೇಲಂಗಿಗಳಿಗೆ ಹಚ್ಚುವ ಫ್ಲೋರಿನ್ ಆಧಾರಿತ ಲೇಪನಗಳು. ಹಸುಗೂಸಿಗೆ ಅವು ಬೇಕಾಗುವುದೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಎದೆಯ ಮೇಲಿನ ಚಿತ್ರವನ್ನು. ನಾನು ಬಟ್ಟೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದಾಗ ಒಮ್ಮೆ ಆರು ತಿಂಗಳ ಮಗುವಿನ ಅಂಗಿಯೊಂದು ಪರೀಕ್ಷೆಗೆ ಬಂತು. ಬಟ್ಟೆ ಬೆಣ್ಣೆಯಂತಿತ್ತು, ಸಾವಯವ ಹತ್ತಿಯ ದಾಖಲೆಗಳೂ ಸರಿಯಾಗಿದ್ದವು. ಎದೆಯ ಮೇಲೆ ಅಂಗೈಯಗಲದ ಒಂದು ಕರಡಿಮರಿ, ಮುಟ್ಟಿದರೆ ರಬ್ಬರಿನಂತೆ ದಪ್ಪ. ಅದು ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಶಾಯಿ, ಮೆತ್ತಗಾಗಲೆಂದು ಥ್ಯಾಲೇಟ್ ಎಂಬ ರಾಸಾಯನಿಕ ಬೆರೆಸಿದ್ದು. ಮಕ್ಕಳ ಆಟಿಕೆಗಳಲ್ಲಿ ಈ ಥ್ಯಾಲೇಟುಗಳಿಗೆ ಹಲವು ದೇಶಗಳಲ್ಲಿ ಕಟ್ಟುನಿಟ್ಟಿನ ಮಿತಿಯಿದೆ. ಮಗು ಅಂಗಿಯನ್ನು ಉಡುವುದಷ್ಟೇ ಅಲ್ಲ, ಎತ್ತಿ ಬಾಯಿಗಿಟ್ಟುಕೊಂಡು ಗಂಟೆಗಟ್ಟಲೆ ಚೀಪುತ್ತದೆ. ಅದಕ್ಕೇ ಪ್ರಯೋಗಾಲಯದಲ್ಲಿ ಕೃತಕ ಜೊಲ್ಲು ತಯಾರಿಸಿ, ಅದರಲ್ಲಿ ನೆನೆಸಿದ ಬಿಳಿ ಪಟ್ಟಿಯನ್ನು ಬಣ್ಣದ ಬಟ್ಟೆಗೆ ಒತ್ತಿ, ದೇಹದ ಬಿಸಿಯಲ್ಲಿ ಇಟ್ಟು ನೋಡುವ ಒಂದು ಪರೀಕ್ಷೆಯೇ ಇದೆ. ಕರಡಿಮರಿಯ ಅಂಗಿಯನ್ನು ನಾವು ತಿರಸ್ಕರಿಸಿದೆವು. ನೀವು ಮನೆಯಲ್ಲಿ ಮಾಡಬಹುದಾದದ್ದು ಇದರ ಬಡ ರೂಪ: ಒಂದು ಬಿಳಿ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಹೊಸ ಅಂಗಿಯ ಒಳ ಅಂಚಿನ ಮೇಲೆ ಇಪ್ಪತ್ತು ಸಲ ಗಟ್ಟಿಯಾಗಿ ಉಜ್ಜಿ. ಬಣ್ಣ ಅಂಟಿದರೆ ಆ ಅಂಗಿ ಮಗುವಿನ ಬಾಯಿಗೆ ಹೋಗುವುದು ಬೇಡ. ಚಿತ್ರದ ಮೇಲೆ ಬೆರಳಾಡಿಸಿ. ಬಟ್ಟೆಯೊಳಕ್ಕೆ ಇಳಿದಂತಿದ್ದರೆ ಸರಿ. ಪದರದಂತೆ ಮೇಲೆ ಕುಳಿತಿದ್ದು, ಎಳೆದಾಗ ಬಿರುಕು ಬಿಟ್ಟರೆ ಬೇಡ.

ಇನ್ನು ಮುದ್ರೆಗಳು. ಎಲ್ಲವನ್ನೂ ವಿವರಿಸಲು ಹೋದರೆ ಹೆರಿಗೆಯಾಗುವವರೆಗೂ ನೀವು ಓದುತ್ತಿರಬೇಕಾದೀತು. ನಿಮಗೆ ನಿಜವಾಗಿ ಬೇಕಾದವು ಮೂರೋ ನಾಲ್ಕೋ.

ಮೊದಲನೆಯದು ಜಿಒಟಿಎಸ್, ಅಂದರೆ ಗ್ಲೋಬಲ್ ಆರ್ಗ್ಯಾನಿಕ್ ಟೆಕ್ಸ್‌ಟೈಲ್ ಸ್ಟ್ಯಾಂಡರ್ಡ್. ಒಂದೇ ಮುದ್ರೆ ನೋಡಿ ಕೊಳ್ಳುವುದಾದರೆ ಇದನ್ನು ನೋಡಿ. ಹೊಲದ ನಂತರದ ಪ್ರತಿ ಬಾಗಿಲಲ್ಲೂ ಕಾವಲಿರುವುದು ಇದರ ವಿಶೇಷ. ಜಿನ್ನಿಂಗ್‌ನಿಂದ ಹೊಲಿಗೆಯವರೆಗೆ ಪ್ರತಿ ಘಟಕವೂ ತಪಾಸಣೆಗೆ ಒಳಪಟ್ಟಿರಬೇಕು. ಕ್ಲೋರಿನ್ ಬಿಳುಪು, ವಿಷಕಾರಿ ಭಾರಲೋಹಗಳು, ಫಾರ್ಮಾಲ್ಡಿಹೈಡ್, ಆ ಕೆಟ್ಟ ಅಜೋ ಬಣ್ಣಗಳು ಇಲ್ಲಿ ನಿಷಿದ್ಧ. ಬಣ್ಣದ ನೀರನ್ನು ಶುದ್ಧೀಕರಿಸದೆ ಹೊರಗೆ ಬಿಡುವಂತಿಲ್ಲ. ಬಾಲಕಾರ್ಮಿಕರು, ಬಲವಂತದ ದುಡಿಮೆ ಇರಕೂಡದು ಎಂಬ ಕಾರ್ಮಿಕ ನಿಯಮಗಳೂ ಸೇರಿವೆ. ಇದರಲ್ಲಿ ಎರಡು ದರ್ಜೆಗಳಿವೆ. ಬರಿಯ ‘ಆರ್ಗ್ಯಾನಿಕ್’ ಎಂದಿದ್ದರೆ ಕನಿಷ್ಠ 95 ಶೇಕಡಾ ನೂಲು ಪ್ರಮಾಣಿತ ಸಾವಯವ. ‘ಮೇಡ್ ವಿತ್ ಆರ್ಗ್ಯಾನಿಕ್’ ಎಂದಿದ್ದರೆ ಕನಿಷ್ಠ 70 ಶೇಕಡಾ. ಕಾಲುಚೀಲಕ್ಕೆ ಸ್ವಲ್ಪ ಎಲಾಸ್ಟಿಕ್ ಬೇಕಲ್ಲ, ಉಳಿದ ಪಾಲು ಅಂಥವಕ್ಕೆ. ಒಂದು ತಪ್ಪು ಕಲ್ಪನೆ ಬೇಡ: ಜಿಒಟಿಎಸ್ ಬಟ್ಟೆಗೂ ಕೃತಕ ಬಣ್ಣವನ್ನೇ ಹಾಕುತ್ತಾರೆ, ಅನುಮತಿ ಪಡೆದ ಬಣ್ಣಗಳನ್ನು ಮಾತ್ರ. ಅದರಲ್ಲಿ ತಪ್ಪೇನೂ ಇಲ್ಲ. ‘ನೈಸರ್ಗಿಕ ಬಣ್ಣ’ ಎಂಬುದಕ್ಕೆ ಮರುಳಾಗುವ ಮುನ್ನ ಬಣ್ಣ ಕಚ್ಚಿಸಲು ಏನು ಬಳಸಿದ್ದಾರೆ ಎಂದು ಕೇಳಿ. ಪಟಿಕವಾದರೆ ಸರಿ, ಕ್ರೋಮಿಯಂ ಲವಣವಾದರೆ ಬೇರುಕಾಂಡಗಳ ಬಣ್ಣವೆಂಬ ಹೆಸರಿಗೆ ಅರ್ಥವಿಲ್ಲ.

ಇದರ ತಮ್ಮನಂತೆ ಕಾಣುವ ಒಸಿಎಸ್, ಅಂದರೆ ಆರ್ಗ್ಯಾನಿಕ್ ಕಂಟೆಂಟ್ ಸ್ಟ್ಯಾಂಡರ್ಡ್, ಬೇರೆ ಜಾತಿ. ಬಟ್ಟೆಯಲ್ಲಿ ಸಾವಯವ ನೂಲು ಎಷ್ಟಿದೆ ಎಂದು ಲೆಕ್ಕ ಇಡುವುದಷ್ಟೇ ಅದರ ಕೆಲಸ. ಬಣ್ಣದ ಬಗ್ಗೆ, ಕೂಲಿಯ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ‘ಬ್ಲೆಂಡೆಡ್’ ಎಂಬ ರೂಪದಲ್ಲಿ ಸಾವಯವದ ಪಾಲು ತೀರಾ ಕಡಿಮೆ ಇದ್ದರೂ ಮುದ್ರೆ ಸಿಗುತ್ತದೆ. ಶೇಕಡಾವಾರು ಎಷ್ಟೆಂದು ಓದದೆ ಕೊಳ್ಳಬೇಡಿ.

ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬುದು 1992ರಿಂದ ಇದೆ. ಇದು ಹೊಲವನ್ನು ಕೇಳುವುದಿಲ್ಲ, ಹೊಲಿದವರನ್ನೂ ಕೇಳುವುದಿಲ್ಲ. ಸಿದ್ಧವಾದ ಬಟ್ಟೆಯನ್ನು, ಅದರ ದಾರ, ಗುಂಡಿ, ಮುದ್ರಿತ ಚಿತ್ರ ಸಮೇತ, ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತದೆ. ಮೂರು ವರ್ಷದವರೆಗಿನ ಮಕ್ಕಳ ಬಟ್ಟೆಗೆ ‘ಒಂದನೇ ವರ್ಗ’ವಿದೆ, ಅದರ ಮಿತಿಗಳು ಎಲ್ಲಕ್ಕಿಂತ ಬಿಗಿ. ಫಾರ್ಮಾಲ್ಡಿಹೈಡ್ ಪತ್ತೆಯೇ ಆಗಬಾರದು, ಜೊಲ್ಲಿಗೆ ಬಣ್ಣ ಬಿಡಬಾರದು. ಚರ್ಮದ ಕಾಳಜಿ ಮಾತ್ರವೇ ನಿಮ್ಮದಾದರೆ ಸಾವಯವವಲ್ಲದ, ಆದರೆ ಒಂದನೇ ವರ್ಗದ ಈ ಮುದ್ರೆಯಿರುವ ಅಂಗಿ, ಯಾವ ಮುದ್ರೆಯೂ ಇಲ್ಲದ ‘ಸಾವಯವ’ ಅಂಗಿಗಿಂತ ನನ್ನ ಲೆಕ್ಕದಲ್ಲಿ ಮೇಲು.

ಫೇರ್‌ಟ್ರೇಡ್ ವಿಷಯದಲ್ಲಿ ಸ್ವಲ್ಪ ನಿಂತು ಓದಬೇಕು. ಹತ್ತಿಯ ಮೇಲಿನ ಫೇರ್‌ಟ್ರೇಡ್ ಮುದ್ರೆ ಮಾತಾಡುವುದು ಬೆಳೆದ ರೈತನ ಬಗ್ಗೆ. ಮಾರುಕಟ್ಟೆ ಕುಸಿದರೂ ಅವನಿಗೆ ಒಂದು ಕನಿಷ್ಠ ಬೆಲೆ, ಅದರ ಮೇಲೆ ಸಂಘಕ್ಕೆ ಒಂದು ಹೆಚ್ಚುವರಿ ಮೊತ್ತ. ಆ ಹಣವನ್ನು ಬಾವಿಗೆ ಹಾಕಬೇಕೋ, ಶಾಲೆಗೆ ಹಾಕಬೇಕೋ ರೈತರೇ ಕೂತು ತೀರ್ಮಾನಿಸುತ್ತಾರೆ. ಒಳ್ಳೆಯ ವ್ಯವಸ್ಥೆ. ಆದರೆ ಆ ಮುದ್ರೆಯನ್ನು ನೋಡಿ, ಅಂಗಿ ಹೊಲಿದ ಹೆಂಗಸಿಗೂ ನ್ಯಾಯವಾದ ಸಂಬಳ ಸಿಕ್ಕಿದೆ ಎಂದು ತಿಳಿಯುವಂತಿಲ್ಲ. ಸರಪಳಿ ಪೂರ್ತಿಗೆ ಅನ್ವಯಿಸುವ ಪ್ರತ್ಯೇಕ ಜವಳಿ ನಿಯಮಾವಳಿಯನ್ನು ಫೇರ್‌ಟ್ರೇಡ್ ಸಂಸ್ಥೆ 2016ರಲ್ಲಿ ತಂದಿತು, ಆದರೆ ಅದರಡಿ ಬಂದ ಬಟ್ಟೆ ಅಪರೂಪ. ಅಮೆರಿಕದ ಫೇರ್ ಟ್ರೇಡ್ ಸರ್ಟಿಫೈಡ್ ಎಂಬ ಮುದ್ರೆಯಲ್ಲಿ ಹೊಲಿಗೆಯ ಕಾರ್ಖಾನೆ ಪ್ರಮಾಣಿತವೇ, ಹತ್ತಿ ಪ್ರಮಾಣಿತವೇ ಎಂದು ಚಿಕ್ಕ ಅಕ್ಷರದಲ್ಲಿ ಬರೆದಿರುತ್ತದೆ. ಡಬ್ಲ್ಯುಎಫ್‌ಟಿಒ ಎಂಬ ವಿಶ್ವ ಫೇರ್ ಟ್ರೇಡ್ ಸಂಘಟನೆಯ ಗುರುತು ಒಂದು ಬಟ್ಟೆಗಲ್ಲ, ಅದನ್ನು ಮಾಡಿಸುವ ಇಡೀ ಸಂಸ್ಥೆಗೆ ಸಲ್ಲುವಂಥದ್ದು. ಕೈಮಗ್ಗದ ಸಣ್ಣ ಗುಂಪುಗಳು ಹೆಚ್ಚಾಗಿ ಇದರಲ್ಲಿ ಸಿಗುತ್ತವೆ. ಫೇರ್‌ಟ್ರೇಡ್ ಎಂದ ಮಾತ್ರಕ್ಕೆ ಸಾವಯವ ಅಲ್ಲ, ಸಾವಯವ ಎಂದ ಮಾತ್ರಕ್ಕೆ ರೈತನಿಗೆ ಸರಿಯಾದ ಬೆಲೆ ಸಿಕ್ಕಿತೆಂದೂ ಅಲ್ಲ. ಎರಡೂ ಒಟ್ಟಿಗಿರುವ ಅಂಗಿ ಸಿಕ್ಕರೆ ಕಣ್ಣಿಗೊತ್ತಿಕೊಂಡು ಕೊಳ್ಳಿ.

ಹೊಲಿಗೆಯ ಕೈಗಳ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾನಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಹುತೇಕರು ಸಿದ್ಧ ಉಡುಪು ಹೊಲಿಯುವವರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿದ್ದು ಎಲ್ಲರಿಗೂ ಗೊತ್ತಿತ್ತು. ಆದರೂ ಬೆಳಿಗ್ಗೆ ಅವರನ್ನು ಕೆಲಸಕ್ಕೆ ಹತ್ತಿಸಿದ್ದರು. ಆ ದುರಂತದ ನಂತರ ಬ್ರ್ಯಾಂಡುಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಕಟ್ಟಡ ಸುರಕ್ಷತೆಯ ಒಪ್ಪಂದವೊಂದಾಯಿತು, ಅಕಾರ್ಡ್ ಎಂದೇ ಅದು ಪ್ರಸಿದ್ಧ. ಅದು ಕಾನೂನಿನ ಬಲವುಳ್ಳದ್ದು. ಸಹಿ ಹಾಕಿದ ಬ್ರ್ಯಾಂಡುಗಳ ಪಟ್ಟಿ ಬಹಿರಂಗವಾಗಿದೆ. ಯಾವ ಫೇರ್ ಟ್ರೇಡ್ ಮುದ್ರೆಯೂ ಇಲ್ಲದ ದೊಡ್ಡ ಬ್ರ್ಯಾಂಡಿನ ಬಟ್ಟೆ ಕೊಳ್ಳಲೇಬೇಕಾಗಿ ಬಂದರೆ, ಅದು ಈ ಪಟ್ಟಿಯಲ್ಲಿದೆಯೇ, ತನ್ನ ಕಾರ್ಖಾನೆಗಳ ಹೆಸರು ವಿಳಾಸಗಳನ್ನು ಪ್ರಕಟಿಸುತ್ತದೆಯೇ ಎಂದು ನೋಡಿ. ಮುಚ್ಚಿಡಲು ಏನಿಲ್ಲದವರು ವಿಳಾಸ ಕೊಡುತ್ತಾರೆ.

ಬೆಟರ್ ಕಾಟನ್ ಎಂಬ ಗುರುತನ್ನು ಹಲವರು ಸಾವಯವ ಎಂದೇ ತಿಳಿದಿದ್ದಾರೆ. ಅಲ್ಲ. ಅದರಲ್ಲಿ ಕೀಟನಾಶಕವನ್ನು ಕಡಿಮೆ ಮಾಡಲು ರೈತರಿಗೆ ತರಬೇತಿ ಕೊಡುತ್ತಾರೆ, ಬಿಡಲೇಬೇಕೆಂದಿಲ್ಲ. ಬಹುಕಾಲ ಲೆಕ್ಕ ಹೊಂದಿಸುವ ಪದ್ಧತಿಯಲ್ಲಿ ನಡೆದ ವ್ಯವಸ್ಥೆ ಅದು: ಆ ಹತ್ತಿಯನ್ನು ದಾರಿಯಲ್ಲಿ ಬೇರೆ ಹತ್ತಿಯೊಡನೆ ಬೆರೆಸಬಹುದು, ಒಟ್ಟು ತೂಕದ ಲೆಕ್ಕ ಕಾಗದದಲ್ಲಿ ಹೊಂದಿದರೆ ಸಾಕು. ನಿಮ್ಮ ಕೈಯಲ್ಲಿರುವ ಅಂಗಿಯಲ್ಲಿ ಆ ಹತ್ತಿಯ ಒಂದು ಎಳೆಯೂ ಇಲ್ಲದೆ ಇರಬಹುದು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಮುದ್ರೆಗಳಿಗೂ ಸಲ್ಲುತ್ತದೆ. ಜಗತ್ತಿನ ಒಟ್ಟು ಹತ್ತಿಯಲ್ಲಿ ಸಾವಯವದ ಪಾಲು ನೂರಕ್ಕೆ ಒಂದೆರಡರಷ್ಟು. ಬೇಡಿಕೆ ಅದಕ್ಕಿಂತ ಬಹಳ ಹೆಚ್ಚು. ಹೀಗಿದ್ದಾಗ ಕಾಗದದ ಮೇಲೆ ಹತ್ತಿ ಬೆಳೆಯುವವರು ಹುಟ್ಟಿಕೊಳ್ಳುತ್ತಾರೆ. 2020ರಲ್ಲಿ ಭಾರತದಲ್ಲಿ ಸುಮಾರು 20,000 ಟನ್ ಹತ್ತಿಗೆ ನಕಲಿ ದಾಖಲೆ ಸೃಷ್ಟಿಸಿದ ಜಾಲವನ್ನು ಜಿಒಟಿಎಸ್ ಸಂಸ್ಥೆಯೇ ಪತ್ತೆ ಮಾಡಿ, 11 ಕಂಪನಿಗಳನ್ನು ಹೊರಗಿಟ್ಟಿತು. ಇದನ್ನು ಕೇಳಿ ಮುದ್ರೆಯೇ ವ್ಯರ್ಥ ಎಂದು ಕೈಚೆಲ್ಲುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಕಳ್ಳರನ್ನು ಹಿಡಿದು ಊರಿಗೆಲ್ಲ ಹೇಳಿದ ಕಾವಲುಗಾರ, ಕಳ್ಳತನವೇ ಇಲ್ಲ ಎನ್ನುವವನಿಗಿಂತ ವಾಸಿ.

ನೀವು ಮಾಡಬೇಕಾದದ್ದು ಐದು ನಿಮಿಷದ ಕೆಲಸ. ಅಸಲಿ ಜಿಒಟಿಎಸ್ ಚೀಟಿಯ ಮೇಲೆ ಮೂರು ಸಂಗತಿ ಇರಲೇಬೇಕು: ದರ್ಜೆ, ಪ್ರಮಾಣೀಕರಿಸಿದ ಸಂಸ್ಥೆಯ ಹೆಸರು, ಪರವಾನಗಿ ಸಂಖ್ಯೆ. ಆ ಸಂಖ್ಯೆಯನ್ನು ಅವರ ಸಾರ್ವಜನಿಕ ದತ್ತಾಂಶದಲ್ಲಿ ಹುಡುಕಿ. ಬಂದ ಹೆಸರು ಅಂಗಿಯ ಬ್ರ್ಯಾಂಡಿನದೋ, ಅದರ ತಯಾರಕರದೋ ಆಗಿರಬೇಕು. ಸಂಖ್ಯೆ ಇಲ್ಲದೆ, ಹಸಿರು ವೃತ್ತದೊಳಗೆ ಬಿಳಿ ಅಂಗಿಯಿರುವ ಅವರ ಚಿತ್ರ ಮಾತ್ರ ಕಂಡರೆ ಅದು ಅಲಂಕಾರ. ಇನ್ನೊಂದು ಸೂಕ್ಷ್ಮವಿದೆ, ತುಂಬಾ ಜನ ಎಡವುವುದು ಇಲ್ಲಿಯೇ. ‘ಜಿಒಟಿಎಸ್ ಪ್ರಮಾಣಿತ ಬಟ್ಟೆಯಿಂದ ಹೊಲಿದದ್ದು’ ಎಂದು ಸಣ್ಣ ಬ್ರ್ಯಾಂಡುಗಳು ಬರೆಯುತ್ತವೆ. ಅದರರ್ಥ ಥಾನು ಪ್ರಮಾಣಿತ, ಅಂಗಿ ಅಲ್ಲ. ಥಾನು ಬಂದ ಮೇಲೆ ಯಾವ ಚಿತ್ರ ಅಚ್ಚು ಹಾಕಿದರು, ಯಾವ ಗುಂಡಿ ಹಚ್ಚಿದರು, ಯಾರ ಕೈಯಲ್ಲಿ ಹೊಲಿಸಿದರು ಎಂಬುದನ್ನು ಯಾರೂ ನೋಡಿಲ್ಲ. ಹಾಗೆಂದು ಅವರೆಲ್ಲ ಮೋಸಗಾರರಲ್ಲ. ತಪಾಸಣೆಯ ಶುಲ್ಕ ಸಣ್ಣವರಿಗೆ ಭಾರ. ನಾಲ್ಕು ಹೊಲಿಗೆ ಯಂತ್ರ ಇಟ್ಟುಕೊಂಡವರು ಪ್ರಾಮಾಣಿಕರಾಗಿದ್ದೂ ಮುದ್ರೆಯಿಲ್ಲದೆ ಇರಬಹುದು. ಅಂಥವರಿಗೆ ಪತ್ರ ಬರೆಯಿರಿ: ಬಟ್ಟೆ ಯಾವ ಗಿರಣಿಯದು, ಬಣ್ಣ ಎಲ್ಲಿ ಹಾಕಿಸಿದಿರಿ, ಅಚ್ಚಿನ ಶಾಯಿ ಯಾವುದು, ಹೊಲಿಯುವವರಿಗೆ ತಿಂಗಳ ಸಂಬಳವೋ ಪೀಸಿನ ಲೆಕ್ಕವೋ. ತಿಳಿದವರು ಎರಡು ಸಾಲಿನಲ್ಲಿ ಉತ್ತರಿಸುತ್ತಾರೆ. ‘ನಮ್ಮದು ಪ್ರಕೃತಿಯ ಪ್ರೀತಿಯಿಂದ ಮೂಡಿದ ಉಡುಪು’ ಎಂಬಂಥ ಉತ್ತರ ಬಂದರೆ ಮುಂದಿನ ಅಂಗಡಿಗೆ ಹೋಗಿ.

ಬಿದಿರಿನ ಬಟ್ಟೆಯ ಕಥೆ ಚಿಕ್ಕದು. ಬಿದಿರನ್ನು ಕ್ಷಾರ ಮತ್ತು ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ, ಆ ಅಂಟನ್ನು ಸಣ್ಣ ತೂತುಗಳ ಮೂಲಕ ಆಮ್ಲಕ್ಕೆ ಹಾಯಿಸಿ ಎಳೆ ಮಾಡುತ್ತಾರೆ. ಹಾಗೆ ಬಂದದ್ದು ವಿಸ್ಕೋಸ್, ಅಂದರೆ ರೇಯಾನ್. ಬಿದಿರಿನಲ್ಲಿ ಸೂಕ್ಷ್ಮಾಣು ತಡೆಯುವ ಗುಣ ಇದ್ದರೂ ಈ ಪಾಕದಲ್ಲಿ ಉಳಿಯುವುದಿಲ್ಲ. ಕಾರ್ಬನ್ ಡೈಸಲ್ಫೈಡ್ ಆ ಕಾರ್ಖಾನೆಯ ಕಾರ್ಮಿಕರ ನರಗಳಿಗೆ ಕೇಡು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ರೇಯಾನನ್ನು ‘ಬಿದಿರು’ ಎಂದು ಮಾರುವವರ ಮೇಲೆ 2009ರಿಂದಲೇ ಕ್ರಮ ಕೈಗೊಳ್ಳುತ್ತಿದೆ, 2022ರಲ್ಲಿ ಎರಡು ದೊಡ್ಡ ಅಂಗಡಿ ಸರಪಳಿಗಳು ಒಟ್ಟು 55 ಲಕ್ಷ ಡಾಲರ್ ದಂಡ ತೆರಲು ಒಪ್ಪಿದವು. ಆ ಬಟ್ಟೆ ನುಣುಪು, ಮೈಗೆ ತಂಪು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ತೊಡಿಸಬಾರದೆಂದೂ ಹೇಳುತ್ತಿಲ್ಲ. ಸಾವಯವ ಎಂದು ಹೆಚ್ಚಿನ ಬೆಲೆ ಕೊಡಬೇಡಿ ಎನ್ನುತ್ತೇನೆ, ಅಷ್ಟೇ.

ಯಾವ ಮುದ್ರೆಯೂ ಹೇಳದ ಕೆಲವು ಅಪಾಯಗಳು ನಿಮ್ಮ ಕಣ್ಣಿಗೇ ಕಾಣಬೇಕು. ಪುಟ್ಟ ಕಾಲುಚೀಲವನ್ನು ತೊಡಿಸುವ ಮುನ್ನ ಒಳಗಿನದನ್ನು ಹೊರಗೆ ಮಾಡಿ ನೋಡಿ. ಬೆರಳುಗಳ ಜಾಗದಲ್ಲಿ ಬಿಡಿ ದಾರಗಳು ಜೋತಾಡುತ್ತಿದ್ದರೆ ಕತ್ತರಿಸಿ. ಅಂಥ ಒಂದು ಎಳೆ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ಸಂಚಾರ ನಿಲ್ಲಿಸಿದ ಪ್ರಸಂಗಗಳು ಮಕ್ಕಳ ವೈದ್ಯರಿಗೆ ಹೊಸವಲ್ಲ. ಮಗು ಯಾಕೆ ಅಳುತ್ತಿದೆ ಎಂದು ತಿಳಿಯದೆ ಮನೆಮಂದಿ ಕಂಗಾಲಾಗುತ್ತಾರೆ, ಕಾರಣ ಕಾಲುಚೀಲದೊಳಗೆ ಇರುತ್ತದೆ. ಕೈಗವಸಿಗೂ ಇದೇ ಮಾತು. ಕುತ್ತಿಗೆ, ಟೋಪಿಯ ಸುತ್ತ ಎಳೆದು ಕಟ್ಟುವ ಲಾಡಿ ಬೇಡವೇ ಬೇಡ. ಯುರೋಪಿನ ಮಾನದಂಡದಲ್ಲಿ ಏಳು ವರ್ಷದೊಳಗಿನ ಮಕ್ಕಳ ಬಟ್ಟೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಒತ್ತುಗುಂಡಿ ನಿಕಲ್ ರಹಿತವಾಗಿರಲಿ, ಎಳೆದಾಗ ಬಟ್ಟೆ ಹರಿದುಕೊಂಡು ಬರದಂತಿರಲಿ. ಹೊಲಿದ ಮಣಿ, ಬಿಲ್ಲೆ, ಚಂದದ ಮರದ ಗುಂಡಿ ಇವೆಲ್ಲ ಕಿತ್ತು ಗಂಟಲಿಗೆ ಹೋಗುವ ವಸ್ತುಗಳು. ಸಾವಯವ ಬ್ರ್ಯಾಂಡುಗಳಿಗೆ ಮರದ ಗುಂಡಿಯ ಮೇಲೆ ಯಾಕಷ್ಟು ಮೋಹವೋ ಕಾಣೆ.

ರಾತ್ರಿಯುಡುಪಿನ ಬಗ್ಗೆ ಒಂದು ವಿಷಯ. ಅಮೆರಿಕದಲ್ಲಿ ಒಂಬತ್ತು ತಿಂಗಳು ಮೀರಿದ ಮಕ್ಕಳ ರಾತ್ರಿಯುಡುಪು ಒಂದೋ ಬೆಂಕಿ ಹಿಡಿಯದ ಗುಣದ್ದಾಗಿರಬೇಕು, ಇಲ್ಲವೇ ಮೈಗೆ ಅಂಟುವಷ್ಟು ಬಿಗಿಯಾಗಿರಬೇಕು. 1970ರ ದಶಕದಲ್ಲಿ ಬೆಂಕಿ ತಡೆಯಲು ಬಳಸುತ್ತಿದ್ದ ಟ್ರಿಸ್ ಎಂಬ ರಾಸಾಯನಿಕ ಕ್ಯಾನ್ಸರ್‌ಕಾರಕ ಎಂದು ತಿಳಿದು 1977ರಲ್ಲಿ ಅದನ್ನು ನಿಷೇಧಿಸಿದರು. ಆ ನಿಯಮವನ್ನು ಅನುಸರಿಸಿ ಬರುವ ಸಾವಯವ ಹತ್ತಿಯ ರಾತ್ರಿಯುಡುಪು ಬಿಗಿಯಾಗಿರುವುದು ಅದಕ್ಕೇ. ಲೇಪನ ಬೇಡವೆಂದಾದರೆ ಬಿಗಿ ಇರಲೇಬೇಕು. ಬಿಗಿಯೆಂದು ಎರಡು ಅಳತೆ ದೊಡ್ಡದನ್ನು ತಂದು ತೊಡಿಸಿದರೆ ಆ ನಿಯಮದ ಉದ್ದೇಶವೇ ಕೆಡುತ್ತದೆ.

ಬಟ್ಟೆಯ ಗುಣ ನೋಡುವುದು ಕೈಯ ಕೆಲಸ. ಎಳೆಗೂಸಿಗೆ ಇಂಟರ್‌ಲಾಕ್ ಹೆಣಿಗೆಯ ಬಟ್ಟೆ ಒಳ್ಳೆಯದು, ಎರಡೂ ಮೈ ಒಂದೇ ಬಗೆಯ ನುಣುಪು, ಅಂಚು ಸುರುಳಿ ಸುತ್ತುವುದಿಲ್ಲ. ತೆಳುವಾದ ಬನಿಯನ್ ಬಟ್ಟೆಯನ್ನು ಅಡ್ಡಕ್ಕೆ ಎಳೆದು ಬಿಡಿ. ಹಿಂದಕ್ಕೆ ಬರದೆ ಜೋಲಿದರೆ ಮೂರು ತೊಳೆತಕ್ಕೆ ಅದು ಚೀಲವಾಗುತ್ತದೆ. ಹೆಗಲ ಮೇಲೆ ಲಕೋಟೆಯಂತೆ ಒಂದರ ಮೇಲೊಂದು ಮಡಚಿದ ಕುತ್ತಿಗೆಯ ಅಂಗಿ ಕಂಡಿರಬಹುದು. ಅದು ಅಂದಕ್ಕೆ ಮಾಡಿದ್ದಲ್ಲ. ಡೈಪರ್ ಸೋರಿ ಬೆನ್ನವರೆಗೂ ಹರಡಿದ ದಿನ ಆ ಅಂಗಿಯನ್ನು ತಲೆಯ ಮೇಲಿಂದ ತೆಗೆಯದೆ ಕೆಳಗಿನಿಂದ ಎಳೆದು ತೆಗೆಯಬಹುದು. ಮೊದಲ ಮಗಳನ್ನು ಸಾಕಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಗಳ ತುರಿಕೆಯ ವಿಷಯಕ್ಕೆ ಬಂದರೆ, ಮೊಣಕೈ ಮಡಿಕೆಯಲ್ಲಿ ಬಂದು ಹೋಗುವ ತುರಿಕೆ ಇಸಬು ಇರಬಹುದು. ಅದನ್ನು ಚರ್ಮವೈದ್ಯರಿಗೆ ತೋರಿಸಿ, ನಾನು ಬಟ್ಟೆಯವನು. ಬಟ್ಟೆಯಿಂದ ಇಸಬು ವಾಸಿಯಾಗುತ್ತದೆಂದು ನಂಬಬೇಡಿ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಇಸಬಿರುವ 300 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಅದಕ್ಕೆಂದೇ ತಯಾರಿಸಿದ ದುಬಾರಿ ರೇಷ್ಮೆಯ ಉಡುಪು ತೊಡಿಸಿ ನೋಡಿದರು. ಸಾಮಾನ್ಯ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಬಟ್ಟೆ ಮಾಡಬಹುದಾದದ್ದು ತೊಂದರೆ ಹೆಚ್ಚಿಸದೆ ಇರುವುದು. ಒರಟು ಉಣ್ಣೆ, ಬೆವರು ಹೀರದ ನೈಲಾನು ಮೈಗೆ ನೇರವಾಗಿ ತಾಗದಿರಲಿ. ಪಾಲಿಯೆಸ್ಟರಿಗೆ ಹಾಕುವ ಕೆಲವು ಕಡುನೀಲಿ, ಕಪ್ಪು ಡಿಸ್ಪರ್ಸ್ ಬಣ್ಣಗಳು ಅಲರ್ಜಿ ತರುತ್ತವೆ, ಅವನ್ನು ದೂರ ಇಡಿ. ತೋಳು ಸಡಿಲವಾಗಿರಲಿ, ಕುತ್ತಿಗೆಯ ಹಿಂದಿನ ಚೀಟಿಯನ್ನು ಬುಡದವರೆಗೆ ಬಿಡಿಸಿ ತೆಗೆಯಿರಿ. ಅರ್ಧ ಕತ್ತರಿಸಿದರೆ ಉಳಿದ ಅಂಚು ಇನ್ನೂ ಚುಚ್ಚುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಸುವಾಸನೆಯ ದ್ರವವನ್ನು ನಿಲ್ಲಿಸಿ. ಎಷ್ಟು ಒಳ್ಳೆಯ ಹತ್ತಿ ತಂದರೂ ಅದರ ಮೇಲೆ ಈ ಸುಗಂಧ ಸುರಿದರೆ ತಂದದ್ದು ದಂಡ. ಯಾವುದೇ ಹೊಸ ಬಟ್ಟೆಯನ್ನು, ಸಾವಯವ ಆಗಿರಲಿ ಆಗದಿರಲಿ, ಒಮ್ಮೆ, ಮಗಳ ವಿಷಯದಲ್ಲಿ ಎರಡು ಸಲ, ಒಗೆದೇ ತೊಡಿಸಿ.

ಎಷ್ಟು ಕೊಳ್ಳಬೇಕು ಎಂದು ನೀವು ಕೇಳಿಲ್ಲ, ಆದರೆ ಹಣ ಸೋರುವುದು ಅಲ್ಲಿಯೇ. ಹುಟ್ಟಿದ ಮಗು ಸುಮಾರು ಐದು ತಿಂಗಳಿಗೆ ತೂಕದಲ್ಲಿ ಇಮ್ಮಡಿಯಾಗುತ್ತದೆ, ವರ್ಷಕ್ಕೆ ಮುಮ್ಮಡಿ. ಉದ್ದವೂ ವರ್ಷದಲ್ಲಿ 25 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ನವಜಾತದ ಅಳತೆಯ ಬಟ್ಟೆ ಕೆಲವೇ ವಾರಗಳ ಅತಿಥಿ. ಇರುವ ಹಣದಲ್ಲಿ ಸಾವಯವವನ್ನು ಎಲ್ಲಕ್ಕೂ ಹಂಚಬೇಡಿ. ಮೈಗೆ ನೇರವಾಗಿ ತಾಗುವ ಒಳಅಂಗಿ, ರಾತ್ರಿಯುಡುಪು, ಹೊದಿಸುವ ಮಲ್ ಬಟ್ಟೆ, ಮಗು ಚೀಪುವ ಜೊಲ್ಲುಬಟ್ಟೆ ಇಷ್ಟನ್ನು ಒಳ್ಳೆಯದು ನೋಡಿ ಕೊಳ್ಳಿ. ಬಣ್ಣವೇ ಹಾಕದ, ಹತ್ತಿಯ ಸಹಜ ಕೆನೆಬಣ್ಣದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಅಲ್ಲಲ್ಲಿ ಕಂದು ಚುಕ್ಕೆಗಳಿರುತ್ತವೆ, ಹತ್ತಿಬೀಜದ ಸಿಪ್ಪೆಯವು, ಕೊಳೆಯಲ್ಲ. ಮೇಲಂಗಿ, ಸ್ವೆಟರು, ಒಂದೇ ದಿನ ತೊಡುವ ಜರತಾರಿ ಉಡುಪು ಇವಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹತ್ತಿಯ ಹೆಣಿಗೆ ಬಟ್ಟೆ ಮೊದಲ ತೊಳೆತಕ್ಕೆ ಕುಗ್ಗುತ್ತದೆ, ಆದ್ದರಿಂದ ರಾತ್ರಿಯುಡುಪು ಬಿಟ್ಟು ಉಳಿದವನ್ನು ಒಂದು ಅಳತೆ ದೊಡ್ಡದೇ ತನ್ನಿ.

ಈಗ ಆ ಪೆಟ್ಟಿಗೆ. ನಿಮ್ಮ ಅಕ್ಕನ ಮಗು ತೊಟ್ಟ ಬಟ್ಟೆಗಳು ಐವತ್ತು, ಅರವತ್ತು ಸಲ ಒಗೆತ ಕಂಡಿರುತ್ತವೆ. ಬಿಡುವ ಬಣ್ಣವೆಲ್ಲ ಆಗಲೇ ಬಿಟ್ಟಿದೆ, ಲೇಪನ ಕರಗಿ ಹೋಗಿದೆ, ನೂಲು ಮೆತ್ತಗಾಗಿದೆ. ಅವುಗಳಿಗಾಗಿ ಹೊಸದಾಗಿ ಯಾರೂ ಹೊಲ ಉಳಬೇಕಿಲ್ಲ, ಬಣ್ಣದ ನೀರು ಹರಿಸಬೇಕಿಲ್ಲ. ನಾನಾದರೆ ಮೊದಲು ಅದನ್ನೇ ತೆರೆದು, ಅದರಲ್ಲಿ ಇಲ್ಲದ್ದನ್ನಷ್ಟೇ ಸಾವಯವದಲ್ಲಿ ಕೊಳ್ಳುತ್ತಿದ್ದೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಸಡಿಲವಾದ ಒತ್ತುಗುಂಡಿ, ಪುಡಿಪುಡಿಯಾಗುತ್ತಿರುವ ಎಲಾಸ್ಟಿಕ್, ಬಿರುಕು ಬಿಟ್ಟ ರಬ್ಬರಿನ ಚಿತ್ರ, ಕುತ್ತಿಗೆಯ ಲಾಡಿ ಇರುವವನ್ನು ಬೇರೆ ತೆಗೆದಿಡಿ. ಸರಿಯಿದ್ದವನ್ನು ಬಿಸಿನೀರಿನಲ್ಲಿ ಪರಿಮಳವಿಲ್ಲದ ಸೋಪು ಹಾಕಿ ಒಗೆದು ಬಿಸಿಲಿಗೆ ಹರವಿ. ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿಟ್ಟಿದ್ದರೆ ವಾಸನೆ ಪೂರ್ತಿ ಹೋಗುವವರೆಗೆ ಮತ್ತೆ ಒಗೆಯಿರಿ: ನ್ಯಾಫ್ತಲೀನ್ ಗುಳಿಗೆಯ ಜೊತೆಗಿದ್ದ ಬಟ್ಟೆಯನ್ನು ಹಾಗೆಯೇ ತೊಡಿಸಿದಾಗ, ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ನವಜಾತ ಶಿಶುಗಳ ರಕ್ತಕಣಗಳು ಒಡೆದು ಕಾಮಾಲೆ ಏರಿದ್ದುಂಟು. ಬೇರೆ ತೆಗೆದಿಟ್ಟ ಅಂಗಿಗಳನ್ನೂ ಎಸೆಯಬೇಡಿ. ಗುಂಡಿ, ಚಿತ್ರದ ಭಾಗ ಕತ್ತರಿಸಿದರೆ ಉಳಿದದ್ದು ಮಗುವನ್ನು ಒರೆಸಲು ಒಳ್ಳೆಯ ಮೆತ್ತನೆಯ ಬಟ್ಟೆಯಾಗುತ್ತದೆ.